ಅಂಬಾಸಿಡರ್‌ಗೆ ಹೊಸ ಎಂಜಿನ್: ಉಳಿಯುವುದೇನು, ಅಳಿಯುವುದೇನು?

ಅಜ್ಜ ಕೊಂಡ ಕಾರು. ಅಪ್ಪ ಅದರಲ್ಲೇ ಡ್ರೈವಿಂಗ್ ಕಲಿತದ್ದು. ಮನೆಯ ಎರಡು ಮದುವೆಗಳಲ್ಲಿ ಹೂವಿನ ಅಲಂಕಾರ ಮಾಡಿಸಿಕೊಂಡು, ಮೂರು ಬಾಣಂತಿಯರನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದು, ಈಗ ಶೆಡ್ಡಿನಲ್ಲಿ ಟಾರ್ಪಾಲಿನ ಕೆಳಗೆ ನಿಂತಿದೆ. ‘ಎಂ.ವೈ.’ ಎಂದು ಆರಂಭವಾಗುವ ಹಳೆಯ ಮೈಸೂರು ರಾಜ್ಯದ ನಂಬರ್ ಪ್ಲೇಟು. ಬಾಡಿ ಗಟ್ಟಿಯಾಗಿದೆ, ಸೀಟು ಹೊಲಿಸಿದರೆ ಸಾಕು. ಆದರೆ ಎಂಜಿನ್ ಮಾತ್ರ ಕೈಕೊಟ್ಟಿದೆ. ಸೈಲೆನ್ಸರ್‌ನಿಂದ ನೀಲಿ ಹೊಗೆ. ಏರು ಬಂದರೆ ಎರಡನೇ ಗೇರು.

ಇಂಥ ಕಾರನ್ನು ಗ್ಯಾರೇಜಿಗೆ ತಂದವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಏನ್ ಮೇಸ್ತ್ರಿ, ಇದಕ್ಕೆ ಬೇರೆ ಎಂಜಿನ್ ಕೂರಿಸಿಬಿಟ್ರೆ ಹೇಗೆ?’ ಅನುಭವಸ್ಥ ಮೇಸ್ತ್ರಿಯ ಉತ್ತರವೂ ಹೆಚ್ಚು ಕಡಿಮೆ ಒಂದೇ: ‘ಕೂರಿಸೋದು ದೊಡ್ಡ ವಿಷಯ ಅಲ್ಲ ಸಾರ್. ಕೂರಿಸಿದ ಮೇಲೆ ಸರಿಯಾಗಿ ಓಡಬೇಕಲ್ಲ, ಸರಿಯಾಗಿ ನಿಲ್ಲಬೇಕಲ್ಲ.’

ಹಳೆಯ ಕಾರಿಗೆ ಹೊಸ ಎಂಜಿನ್ ಜೋಡಿಸುವ ವಿದ್ಯೆ ಇಂದಿನದಲ್ಲ, ನಮ್ಮೊಬ್ಬರದೂ ಅಲ್ಲ. ಕಾರು ಎಂಬ ಯಂತ್ರ ಹುಟ್ಟಿದಾಗಿನಿಂದಲೂ ಜನ ಒಂದರ ಎಂಜಿನ್ ತೆಗೆದು ಇನ್ನೊಂದಕ್ಕೆ ಹಾಕುತ್ತಲೇ ಬಂದಿದ್ದಾರೆ. ಅಮೆರಿಕದಲ್ಲಿ ಅದು ವೇಗದ ಹುಚ್ಚಿನಿಂದ ನಡೆಯಿತು, ಭಾರತದಲ್ಲಿ ಹೊಟ್ಟೆಪಾಡಿನಿಂದ. ಆದರೆ ಎರಡೂ ಕಡೆ ಕೊನೆಗೆ ಎದುರಾಗುವ ಪ್ರಶ್ನೆ ಒಂದೇ. ಎಂಜಿನ್ ಬದಲಾದ ಮೇಲೆ ಅದು ಅದೇ ಕಾರೇ?

ಒಂದು ಎಂಜಿನ್, ಹಲವು ಮನೆ

ಈ ಪ್ರಶ್ನೆಗೆ ಅಂಬಾಸಿಡರ್‌ಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಬಿ.ಎಂ. ಬಿರ್ಲಾ ಅವರು 1942ರಲ್ಲಿ ಸ್ಥಾಪಿಸಿದ ಹಿಂದೂಸ್ತಾನ್ ಮೋಟಾರ್ಸ್ ಮೊದಲು ಗುಜರಾತಿನ ಓಖಾ ಬಂದರಿನಲ್ಲಿತ್ತು. 1948ರಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾಕ್ಕೆ ಬಂತು. ಬ್ರಿಟನ್ನಿನ ಮಾರಿಸ್ ಕಂಪನಿಯ ಕಾರುಗಳನ್ನೇ ಇಲ್ಲಿ ಬೇರೆ ಹೆಸರಿನಲ್ಲಿ ತಯಾರಿಸಲಾಗುತ್ತಿತ್ತು. ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಕಾರು 1950ರ ದಶಕದ ಕೊನೆಯಲ್ಲಿ ‘ಅಂಬಾಸಿಡರ್’ ಎಂಬ ಹೆಸರು ಪಡೆಯಿತು. ತವರಿನಲ್ಲಿ ಆ ಮಾದರಿ ಕೆಲವೇ ವರ್ಷ ಬಾಳಿತು. ಇಲ್ಲಿ 2014ರ ಮೇ ತಿಂಗಳಲ್ಲಿ ಉತ್ತರಪಾರಾ ಕಾರ್ಖಾನೆಯ ಬಾಗಿಲು ಮುಚ್ಚುವವರೆಗೂ ತಯಾರಾಯಿತು.

ಹೊರಗಿನ ದುಂಡು ಮೈ ಹೆಚ್ಚು ಬದಲಾಗಲಿಲ್ಲ. ಬಾನೆಟ್ಟಿನ ಕೆಳಗೆ ಮಾತ್ರ ಬದಲಾಗುತ್ತಲೇ ಇತ್ತು. ಮೊದಲು ಇದ್ದದ್ದು ಹಳೆಯ ‘ಸೈಡ್ ವಾಲ್ವ್’ ಎಂಜಿನ್. ಕೆಲವೇ ವರ್ಷಗಳಲ್ಲಿ 1,489 ಸಿ.ಸಿ.ಯ, ವಾಲ್ವ್‌ಗಳು ಸಿಲಿಂಡರ್ ತಲೆಯ ಮೇಲಿರುವ ಎಂಜಿನ್ ಬಂತು. ಆಸ್ಟಿನ್ ಮತ್ತು ಮಾರಿಸ್ ಕಂಪನಿಗಳು 1952ರಲ್ಲಿ ಒಂದಾಗಿ ಹುಟ್ಟಿದ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್‌ನ ‘ಬಿ ಸರಣಿ’ಯ ಎಂಜಿನ್ ಅದು. ಬ್ರಿಟನ್ನಿನಲ್ಲಿ ಇದೇ ವಂಶದ 1,798 ಸಿ.ಸಿ. ಎಂಜಿನ್ ಎಂ.ಜಿ.ಬಿ. ಎಂಬ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರಿನಲ್ಲಿತ್ತು. ಕಲ್ಕತ್ತೆಯ ಟ್ಯಾಕ್ಸಿಯೂ ಲಂಡನ್ನಿನ ಶೋಕಿ ಯುವಕನ ಕಾರೂ ಹೃದಯದ ಮಟ್ಟಿಗೆ ಸೋದರ ಸಂಬಂಧಿಗಳು.

1980ರಲ್ಲಿ ಅಂಬಾಸಿಡರ್ ಡೀಸೆಲ್ ಎಂಜಿನ್ನಿನೊಂದಿಗೂ ಬಂತು. ಇದು ಭಾರತದ ಮೊದಲ ಡೀಸೆಲ್ ಕಾರು. ಅದರ ಶಕ್ತಿ 37 ಅಶ್ವಶಕ್ತಿ ಮಾತ್ರ. ಅಂದರೆ ಇಂದಿನ ಅತಿ ಚಿಕ್ಕ ಕಾರಿಗಿಂತಲೂ ಕಡಿಮೆ. 1990ರ ದಶಕದ ಆರಂಭದಲ್ಲಿ ಜಪಾನಿನ ಇಸುಝು ಕಂಪನಿಯ 1.8 ಲೀಟರ್ ಪೆಟ್ರೋಲ್ ಎಂಜಿನ್ನೂ ಐದು ಗೇರುಗಳೂ ಬಂದವು. ಬಳಿಕ ಅದೇ ಕಂಪನಿಯ ವಿನ್ಯಾಸದ ಎರಡು ಲೀಟರ್ ಡೀಸೆಲ್ ಎಂಜಿನ್ ಬಂತು. ಸ್ಟೀರಿಂಗ್ ಪಕ್ಕದಲ್ಲಿದ್ದ ಗೇರ್ ಕಡ್ಡಿ ಕೆಳಗಿಳಿದು ಚಾಲಕನ ಎಡಗೈಯ ಬಳಿ ನೆಲೆಸಿತು.

ಹೀಗೆ 1950ರ ದಶಕದ ಇಂಗ್ಲಿಷ್ ಬಾಡಿಗೆ 1980ರ ದಶಕದ ಜಪಾನೀ ಎಂಜಿನ್ ಕೂರಿಸಿದ್ದು ಯಾವುದೋ ಗಲ್ಲಿಯ ಗ್ಯಾರೇಜಿನವನಲ್ಲ, ಸ್ವತಃ ಕಾರ್ಖಾನೆಯೇ. ಆಗ ಯಾರೂ ‘ಇದು ಅಂಬಾಸಿಡರ್ ಅಲ್ಲ’ ಎನ್ನಲಿಲ್ಲ.

ಕಾರ್ಖಾನೆಗಳೇ ಕಲಿಸಿದ ಪಾಠ

ಮುಕ್ತ ಆರ್ಥಿಕ ನೀತಿ ಬರುವ ಮುನ್ನ ಭಾರತದ ಕಾರು ತಯಾರಕರಿಗೆ ಇದು ಅನಿವಾರ್ಯ ಕಲೆಯಾಗಿತ್ತು. ಹೊಸ ಕಾರನ್ನು ಪೂರ್ತಿಯಾಗಿ ರೂಪಿಸುವಷ್ಟು ಬಂಡವಾಳವಿರಲಿಲ್ಲ. ಆಮದಿಗೆ ಹತ್ತಾರು ನಿರ್ಬಂಧ. ಹೀಗಾಗಿ ಒಂದು ಕಡೆಯಿಂದ ಬಾಡಿ, ಇನ್ನೊಂದು ಕಡೆಯಿಂದ ಎಂಜಿನ್. 1980ರ ದಶಕದ ಮೂರು ಕಾರುಗಳು ಈ ಕಲೆಯ ಮೂರು ಮುಖಗಳನ್ನು ತೋರಿಸುತ್ತವೆ.

ಮೊದಲನೆಯದು 1984ರಲ್ಲಿ ಬಂದ ಕಾಂಟೆಸ್ಸಾ. ಬ್ರಿಟನ್ನಿನ ವಾಕ್ಸ್‌ಹಾಲ್ ಕಂಪನಿಯ ದೊಡ್ಡ ಕಾರಿನ ಬಾಡಿ ಅದರದ್ದು. ನೋಡಲು ಗಂಭೀರ, ಕೂರಲು ಸುಖ. ಆದರೆ ಎಂಜಿನ್ ಮಾತ್ರ ಅಂಬಾಸಿಡರ್‌ನ ಅದೇ ಒಂದೂವರೆ ಲೀಟರ್‌ನದು, ಸುಮಾರು 50 ಅಶ್ವಶಕ್ತಿಯದು. ಕಾರಿನ ಮೈಭಾರಕ್ಕೆ ಅದು ಏನೂ ಸಾಲದು. ಕೆಲ ವರ್ಷಗಳ ಬಳಿಕ ಇಸುಝುವಿನ 1.8 ಲೀಟರ್ ಎಂಜಿನ್ ಬಂದಾಗ ಅದೇ ಕಾರು ಬೇರೆಯೇ ಆಯಿತು. ‘ಕಾಂಟೆಸ್ಸಾ ಕ್ಲಾಸಿಕ್’ ಹೆಸರಿನಲ್ಲಿ ಮಂತ್ರಿಗಳ, ಉದ್ಯಮಿಗಳ ಮನೆಯಂಗಳ ಸೇರಿತು. ಎಂಜಿನ್ ಬದಲಾವಣೆ ಒಂದು ಕಾರನ್ನು ಉಳಿಸಿದ್ದಕ್ಕೆ ಇದು ಸಾಕ್ಷಿ.

ಎರಡನೆಯದು 1985ರ ಪ್ರೀಮಿಯರ್ 118 ಎನ್.ಇ. ಫಿಯೆಟ್ 124ರ ವಂಶದ ಬಾಡಿ, ನಿಸ್ಸಾನ್ ಕಂಪನಿಯ 1,171 ಸಿ.ಸಿ. ಎಂಜಿನ್. ಇಟಲಿಯ ಮೈ, ಜಪಾನಿನ ಜೀವ. ತಕರಾರಿಲ್ಲದೆ ವರ್ಷಗಟ್ಟಲೆ ಓಡಿತು.

ಮೂರನೆಯದು ಎಚ್ಚರಿಕೆಯ ಕಥೆ. ಮದರಾಸಿನ ಸ್ಟ್ಯಾಂಡರ್ಡ್ ಕಂಪನಿ 1985ರಲ್ಲಿ ‘ಸ್ಟ್ಯಾಂಡರ್ಡ್ 2000’ ಎಂಬ ಕಾರನ್ನು ಹೊರತಂದಿತು. ಅದರ ಬಾಡಿ ಬ್ರಿಟನ್ನಿನ ರೋವರ್ ಎಸ್.ಡಿ.1ರದ್ದು. 1977ರಲ್ಲಿ ಯುರೋಪಿನ ವರ್ಷದ ಕಾರು ಎಂಬ ಗೌರವ ಪಡೆದ ಸುಂದರ ವಿನ್ಯಾಸ. ಆದರೆ ಬಾನೆಟ್ ತೆರೆದರೆ ಕಾಣುತ್ತಿದ್ದುದು 1940ರ ದಶಕದ ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡ್ ಕಾರಿನ ವಂಶದ ಎಂಜಿನ್. ಅದರ ಅಣ್ಣತಮ್ಮಂದಿರು ಫರ್ಗ್ಯುಸನ್ ಟ್ರ್ಯಾಕ್ಟರ್‌ಗಳಲ್ಲಿ ಹೊಲ ಉಳುತ್ತಿದ್ದವು. ಬೆಲೆ ಹೆಚ್ಚು, ಓಟ ಕಡಿಮೆ, ಪೆಟ್ರೋಲ್ ದಾಹ ಅಪಾರ. 1988ರ ಹೊತ್ತಿಗೆ ಆ ಕಾರು ನಿಂತಿತು. ಹೊಸ ಬಾಡಿಗೆ ಹಳೆಯ ಎಂಜಿನ್ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಇಂದಿಗೂ ಕೊಡುವ ಉದಾಹರಣೆ ಅದು.

ಮೂರೂ ಕಥೆಗಳ ತಾತ್ಪರ್ಯ ಇಷ್ಟೇ: ಎಂಜಿನ್ ಮತ್ತು ಬಾಡಿ ಒಂದಕ್ಕೊಂದು ಹೊಂದುವ ಜೋಡಿಯಾಗಬೇಕು. ಯಾವುದು ಹೊಸತು, ಯಾವುದು ಹಳೆಯದು ಎಂಬುದಕ್ಕಿಂತ ತೂಕ, ಶಕ್ತಿ, ಗೇರು, ಬ್ರೇಕು ಇವುಗಳ ಲೆಕ್ಕ ತಾಳೆಯಾಗುವುದು ಮುಖ್ಯ.

ಡೀಸೆಲ್ ತಂದ ಕ್ರಾಂತಿ

ನಮ್ಮ ಗ್ಯಾರೇಜುಗಳಲ್ಲಿ ಈ ವಿದ್ಯೆ ಬೆಳೆದದ್ದಕ್ಕೆ ಕಾರಣ ಪೆಟ್ರೋಲಿನ ಬೆಲೆ. 1973ರಲ್ಲಿ ಅರಬ್ ರಾಷ್ಟ್ರಗಳು ತೈಲ ಪೂರೈಕೆಗೆ ಕಡಿವಾಣ ಹಾಕಿದ ಮೇಲೆ ಪೆಟ್ರೋಲ್ ದುಬಾರಿಯಾಯಿತು. ರೈತರು, ಬಸ್ಸು, ಲಾರಿಗಳ ಹಿತಕ್ಕೆಂದು ಸರ್ಕಾರ ಡೀಸೆಲ್ ಬೆಲೆಯನ್ನು ಬಹುಕಾಲ ಕೆಳಮಟ್ಟದಲ್ಲಿಟ್ಟಿತು. ದಿನಕ್ಕೆ ನೂರಾರು ಕಿಲೋಮೀಟರ್ ಓಡಿಸುವ ಟ್ಯಾಕ್ಸಿಯವರಿಗೆ ಈ ಅಂತರವೇ ಲಾಭ, ಇಲ್ಲವೇ ನಷ್ಟ. ಪೆಟ್ರೋಲ್ ಎಂಜಿನ್ ಇಳಿಸಿ ಮೆಟಡಾರ್ ವ್ಯಾನಿನ ಡೀಸೆಲ್ ಎಂಜಿನ್ ಕೂರಿಸಿದ ಅಂಬಾಸಿಡರ್‌ಗಳು ದಕ್ಷಿಣ ಭಾರತದ ರಸ್ತೆಗಳಲ್ಲಿ ಕಾಣಿಸಿಕೊಂಡದ್ದು ಹೀಗೆ. ಸದ್ದು ಜಾಸ್ತಿ, ಕಂಪನ ಜಾಸ್ತಿ. ಆದರೆ ಮಾಲೀಕನ ಮನೆಯ ಒಲೆ ಉರಿಯುತ್ತಿತ್ತು.

ಮಲೆನಾಡು ಮತ್ತು ಕೊಡಗಿನ ಕಾಫಿ ತೋಟಗಳಲ್ಲಿ ಇದೇ ಕಥೆ ಜೀಪುಗಳ ವಿಷಯದಲ್ಲಿ ನಡೆಯಿತು. ವಿಲ್ಲಿಸ್ ಜೀಪಿನ ಮೂಲ ಪೆಟ್ರೋಲ್ ಎಂಜಿನ್ ಬಲಶಾಲಿಯಾದರೂ ಭಾರಿ ತೈಲದಾಹಿ. ಮಹೀಂದ್ರ ಕಂಪನಿಯೇ ಮೊದಲು ತನ್ನ ಟ್ರ್ಯಾಕ್ಟರ್ ಮೂಲದ ಡೀಸೆಲ್ ಎಂಜಿನ್ನನ್ನೂ ಬಳಿಕ ಫ್ರಾನ್ಸಿನ ಪೂಜೊ ಕಂಪನಿಯ 2,112 ಸಿ.ಸಿ. ಡೀಸೆಲ್ ಎಂಜಿನ್ನನ್ನೂ ಜೀಪಿಗೆ ಅಳವಡಿಸಿತು. ಅವು ಗುಜರಿಗೆ ಬರತೊಡಗಿದಂತೆ ಹಳೆಯ ಪೆಟ್ರೋಲ್ ಜೀಪುಗಳ ಮಾಲೀಕರೂ ಅದೇ ದಾರಿ ಹಿಡಿದರು.

ಜೀಪಿಗೆ ಈ ಕೆಲಸ ಸುಲಭ, ಕಾರಿಗೆ ಕಷ್ಟ. ಕಾರಣ ಸರಳ. ಜೀಪಿನ ಅಡಿಯಲ್ಲಿ ಏಣಿಯಾಕಾರದ ದಪ್ಪ ಉಕ್ಕಿನ ಚಾಸಿಸ್ ಇದೆ. ಎಂಜಿನ್ ಅದರ ಮೇಲೆ ಕೂರುತ್ತದೆ, ಬಾಡಿ ಬೇರೆ. ಎಲ್ಲಿ ಬೇಕೋ ಅಲ್ಲಿ ಬ್ರಾಕೆಟ್ ವೆಲ್ಡ್ ಮಾಡಬಹುದು. ಅಂಬಾಸಿಡರ್‌ಗೆ ಹಾಗೆ ಪ್ರತ್ಯೇಕ ಚಾಸಿಸ್ ಇಲ್ಲ. ಬಾಡಿಯೇ ಚಾಸಿಸ್. ತಗಡುಗಳನ್ನು ಮಡಿಸಿ, ಬೆಸೆದು ಮಾಡಿದ ಒಂದು ದೊಡ್ಡ ಪೆಟ್ಟಿಗೆಯಂತೆ ಅದು. ಪೆಟ್ಟಿಗೆಯ ಒಂದು ಮೂಲೆಯನ್ನು ಕತ್ತರಿಸಿದರೆ ಇಡೀ ಪೆಟ್ಟಿಗೆಯ ಬಿಗಿ ಸಡಿಲವಾಗುತ್ತದೆ.

ಬಾನೆಟ್ಟಿನ ಕೆಳಗಿನ ಲೆಕ್ಕ

ಎಂಜಿನ್ ಬದಲಾಯಿಸುವುದೆಂದರೆ ಕೇವಲ ಬೋಲ್ಟ್ ಬಿಚ್ಚಿ ಬೋಲ್ಟ್ ಹಾಕುವುದಲ್ಲ. ಒಂದನ್ನು ಬದಲಿಸಿದರೆ ಅದಕ್ಕೆ ಅಂಟಿಕೊಂಡ ಹತ್ತು ವಸ್ತುಗಳು ಬದಲಾಗಬೇಕು.

ಮೊದಲನೆಯದು ಜಾಗ ಮತ್ತು ತೂಕ. ಅಂಬಾಸಿಡರ್‌ನ ಎಂಜಿನ್ ಕೋಣೆ ಅಗಲವಾಗಿರುವುದರಿಂದ ಎಂಜಿನ್ ಒಳಗೆ ಹೋಗುವುದು ಸಮಸ್ಯೆಯಲ್ಲ. ಅದರ ಅಡಿಯ ಆಯಿಲ್ ಸಂಪು ಮುಂಭಾಗದ ಅಡ್ಡಪಟ್ಟಿಗೋ ಸ್ಟೀರಿಂಗ್ ಜೋಡಣೆಗೋ ತಾಗುವುದು ಸಮಸ್ಯೆ. ಆಗ ಸಂಪನ್ನೇ ಕತ್ತರಿಸಿ ಬೇರೆ ಆಕಾರದಲ್ಲಿ ಬೆಸೆಯಬೇಕು. ಡೀಸೆಲ್ ಎಂಜಿನ್ ಆದರೆ ತೂಕವೂ ಹೆಚ್ಚು. ಹಳೆಯ ಪೆಟ್ರೋಲ್ ಎಂಜಿನ್ ಗಾಳಿಯನ್ನು ಏಳೆಂಟು ಪಟ್ಟು ಒತ್ತುತ್ತದೆ. ಡೀಸೆಲ್ ಎಂಜಿನ್ 20 ಪಟ್ಟಿಗೂ ಹೆಚ್ಚು. ಆ ಒತ್ತಡ ತಾಳಲು ಅದರ ಬೀಡುಕಬ್ಬಿಣದ ಗೋಡೆಗಳು ದಪ್ಪವಾಗಿರಬೇಕು. ಮೂತಿಯ ಮೇಲೆ ಭಾರ ಹೆಚ್ಚಿದರೆ ಕಾರಿನ ಮುಂಭಾಗ ಕುಸಿಯುತ್ತದೆ, ಸ್ಟೀರಿಂಗ್ ಬಿಗಿಯಾಗುತ್ತದೆ, ಮುಂದಿನ ಟೈರುಗಳು ಬೇಗ ಸವೆಯುತ್ತವೆ.

ಎರಡನೆಯದು ಗೇರ್‌ಬಾಕ್ಸ್. ಹಳೆಯ ಗೇರ್‌ಬಾಕ್ಸನ್ನೇ ಉಳಿಸಿಕೊಂಡರೆ ಅದಕ್ಕೂ ಹೊಸ ಎಂಜಿನ್ನಿಗೂ ನಡುವೆ ದಪ್ಪ ಉಕ್ಕಿನ ತಟ್ಟೆಯೊಂದನ್ನು ಲೇತ್‌ನಲ್ಲಿ ಕೊರೆಯಿಸಿ ಕೂರಿಸಬೇಕು. ಕೂದಲೆಳೆಯಷ್ಟು ಅಂತರವೂ ಇಲ್ಲಿ ದೊಡ್ಡದು. ಎಂಜಿನ್ನಿನ ಕ್ರ್ಯಾಂಕ್ ಶಾಫ್ಟ್‌ನ ನಡುಗೆರೆಯೂ ಗೇರ್‌ಬಾಕ್ಸ್‌ನ ನಡುಗೆರೆಯೂ ಒಂದೇ ನೇರಕ್ಕೆ ಬರದಿದ್ದರೆ ಮೊದಲು ಕ್ಲಚ್ ನಡುಗುತ್ತದೆ, ಆಮೇಲೆ ಬೇರಿಂಗ್ ಕೂಗುತ್ತದೆ, ಕೊನೆಗೆ ಶಾಫ್ಟೇ ಮುರಿಯುತ್ತದೆ. ಹಾಗಾಗಿ ಬಲ್ಲವರು ಎಂಜಿನ್ನಿನ ಜತೆಗೆ ಅದರದ್ದೇ ಗೇರ್‌ಬಾಕ್ಸನ್ನೂ ತರುತ್ತಾರೆ. ಆಗ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಅಳತೆಗೆ ಕತ್ತರಿಸಿ, ಬೆಸೆದು, ಬ್ಯಾಲೆನ್ಸ್ ಮಾಡಿಸಬೇಕು. ಬ್ಯಾಲೆನ್ಸ್ ತಪ್ಪಿದರೆ ವೇಗ ಹೆಚ್ಚಿದಂತೆ ಕಾರಿನ ಅಡಿಯಿಂದ ಗುಂಯ್‌ಗುಡುವ ಸದ್ದು ಏಳುತ್ತದೆ.

ಮೂರನೆಯದು ಹಿಂದಿನ ಆಕ್ಸಲಿನ ಹಲ್ಲಿನ ಲೆಕ್ಕ. ಡೀಸೆಲ್ ಎಂಜಿನ್ ನಿಧಾನವಾಗಿ ತಿರುಗಿ ಹೆಚ್ಚು ಎಳೆಯುತ್ತದೆ. ಪೆಟ್ರೋಲ್ ಎಂಜಿನ್ ವೇಗವಾಗಿ ತಿರುಗಿ ಶಕ್ತಿ ಕೊಡುತ್ತದೆ. ಒಂದಕ್ಕೆ ಹೊಂದಿಸಿದ ಹಲ್ಲುಚಕ್ರ ಇನ್ನೊಂದಕ್ಕೆ ಹೊಂದುವುದಿಲ್ಲ. ಇದನ್ನು ಮರೆತವರ ಕಾರು 60 ಕಿಲೋಮೀಟರ್ ವೇಗದಲ್ಲೇ ಕಿರುಚತೊಡಗುತ್ತದೆ, ಇಲ್ಲವೇ ಏರಿನಲ್ಲಿ ಏದುಸಿರು ಬಿಡುತ್ತದೆ. ಸ್ಪೀಡೋಮೀಟರ್‌ಗೆ ಕೇಬಲ್ ಹೋಗುವುದು ಗೇರ್‌ಬಾಕ್ಸಿನಿಂದಲೇ ಆದ್ದರಿಂದ ಅದೂ ತಪ್ಪು ವೇಗ ತೋರಿಸಬಹುದು.

ನಾಲ್ಕನೆಯದು ತಂಪು, ಇಂಧನ, ವಿದ್ಯುತ್ತು. ಹೆಚ್ಚು ಶಕ್ತಿಯೆಂದರೆ ಹೆಚ್ಚು ಶಾಖ, ರೇಡಿಯೇಟರ್ ದೊಡ್ಡದಾಗಬೇಕು. ಕಾರ್ಬುರೇಟರ್‌ಗೆ ಪೆಟ್ರೋಲ್ ಹರಿದು ಬಂದರೆ ಸಾಕು. ಇಂದಿನ ಇಂಜೆಕ್ಷನ್ ಎಂಜಿನ್ನಿಗೆ ಒತ್ತಡದ ಪಂಪು, ಮಿಕ್ಕ ಇಂಧನ ಟ್ಯಾಂಕಿಗೆ ಮರಳುವ ಇನ್ನೊಂದು ಪೈಪು ಬೇಕು. ಹಳೆಯ ಬ್ರಿಟಿಷ್ ಕಾರುಗಳಲ್ಲಿ ಡೈನಮೋ ಇರುತ್ತಿತ್ತು. ಎಷ್ಟೋ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯನ್ನು ಬಾಡಿಗೆ ಜೋಡಿಸುವ ಪದ್ಧತಿಯಿತ್ತು. ಇಂದಿನ ಎಂಜಿನ್ನುಗಳಿಗೆ ಮೈನಸ್ ತುದಿಯೇ ಬಾಡಿಗೆ ಸೇರಬೇಕು. ಇದನ್ನು ಗಮನಿಸದೆ ಜೋಡಿಸಿದರೆ ಸಾವಿರಾರು ರೂಪಾಯಿಯ ಎಲೆಕ್ಟ್ರಾನಿಕ್ ಪೆಟ್ಟಿಗೆ ಕ್ಷಣದಲ್ಲಿ ಸುಟ್ಟುಹೋದೀತು.

ನಿಲ್ಲುವ ಮಾತು

ಇಷ್ಟೆಲ್ಲ ಸರಿಹೋದರೂ ಉಳಿಯುವ ಪ್ರಶ್ನೆ ಬ್ರೇಕಿನದು. ಗ್ಯಾರೇಜುಗಳಲ್ಲಿ ಅತಿ ಕಡಿಮೆ ಚರ್ಚೆಯಾಗುವುದೂ ಪ್ರಾಣಕ್ಕೆ ಅತಿ ಹತ್ತಿರದ್ದೂ ಇದೇ.

ಹಳೆಯ ಅಂಬಾಸಿಡರ್‌ಗೆ ನಾಲ್ಕೂ ಚಕ್ರಗಳಲ್ಲಿ ಡ್ರಮ್ ಬ್ರೇಕು. ಆ ಕಾಲದ ಎಂಜಿನ್ನಿನ ಶಕ್ತಿಗೆ, ಆ ಕಾಲದ ರಸ್ತೆಗೆ ಹೊಂದುವಂತೆ ಮಾಡಿದ ಏರ್ಪಾಡು ಅದು. ಚಲಿಸುವ ವಸ್ತುವಿನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂಬುದು ಹೈಸ್ಕೂಲಿನ ಭೌತಶಾಸ್ತ್ರ. ಗಂಟೆಗೆ 80 ಕಿಲೋಮೀಟರ್ ಬದಲು 100ರಲ್ಲಿ ಹೋದರೆ ವೇಗ ಹೆಚ್ಚಿದ್ದು ಕಾಲು ಭಾಗ ಮಾತ್ರ. ಆದರೆ ನಿಲ್ಲಿಸಲು ಬ್ರೇಕು ನುಂಗಬೇಕಾದ ಶಕ್ತಿ ಅರ್ಧಕ್ಕಿಂತ ಹೆಚ್ಚು ಏರುತ್ತದೆ. 120ಕ್ಕೆ ಹೋದರೆ ಎರಡು ಪಟ್ಟು ಮೀರುತ್ತದೆ. ಆ ಶಕ್ತಿಯೆಲ್ಲ ಡ್ರಮ್ಮಿನಲ್ಲಿ ಶಾಖವಾಗುತ್ತದೆ. ಮುಚ್ಚಿದ ಡ್ರಮ್ಮಿನಿಂದ ಶಾಖ ಬೇಗ ಹೊರಹೋಗದು. ಘಾಟಿಯ ಇಳಿಜಾರಿನಲ್ಲಿ ನಾಲ್ಕಾರು ಬಾರಿ ಒತ್ತಿದ ಮೇಲೆ ಪೆಡಲ್ ಗಟ್ಟಿಯಾಗಿದ್ದರೂ ಕಾರು ನಿಲ್ಲದಂಥ ಸ್ಥಿತಿ ಬರುವುದು ಹೀಗೆ.

ಕಾರ್ಖಾನೆಗೆ ಇದು ಗೊತ್ತಿತ್ತು. ಎಂಜಿನ್ನಿಗೆ ಬಲ ಬಂದಂತೆ ಅಂಬಾಸಿಡರ್‌ನ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕನ್ನೂ ಅದು ಕೊಡತೊಡಗಿತು. ಗ್ಯಾರೇಜಿನಲ್ಲಿ ಎಂಜಿನ್ ಬದಲಿಸುವವರು ಈ ಎರಡನೆಯ ಖರ್ಚನ್ನು ಮುಂದೂಡುವುದೇ ಹೆಚ್ಚು. ಹೀಗಾಗಿ ಬಲ್ಲ ಮೇಸ್ತ್ರಿಗಳು ಹೇಳುವುದು: ಮೊದಲು ಬ್ರೇಕು, ಆಮೇಲೆ ಸಸ್ಪೆನ್ಷನ್, ಎಂಜಿನ್ ಕೊನೆಗೆ.

ಹೊರದೇಶದ ದಾರಿ

ಅಮೆರಿಕದಲ್ಲಿ ಫೋರ್ಡ್ ಕಂಪನಿ 1932ರಲ್ಲಿ ಸಾಮಾನ್ಯರ ಕೈಗೆಟುಕುವ ಬೆಲೆಯಲ್ಲಿ ಎಂಟು ಸಿಲಿಂಡರಿನ ‘ವಿ-8’ ಎಂಜಿನ್ ಕೊಟ್ಟಿತು. ಯುವಕರು ಹಳೆಯ ಹಗುರ ಕಾರುಗಳಿಗೆ ಅದನ್ನು ಕೂರಿಸಿ ರೇಸಿಗಿಳಿದರು. 1955ರಲ್ಲಿ ಶೆವ್ರೋಲೆಯ ಚಿಕ್ಕ, ಹಗುರ ವಿ-8 ಬಂದ ಮೇಲೆ ಅದೇ ಎಲ್ಲರ ಆಯ್ಕೆಯಾಯಿತು. ‘ಹಾಟ್ ರಾಡ್’ ಎಂದು ಕರೆಯುವ ಈ ಕಾರುಗಳಿಗೆ ಈಗ ಅಲ್ಲಿ ತಮ್ಮದೇ ಇತಿಹಾಸ, ತಮ್ಮದೇ ಪ್ರದರ್ಶನಗಳಿವೆ. ಬದಲಾವಣೆಯೇ ಅವುಗಳ ಪರಂಪರೆ.

ಬ್ರಿಟನ್ನಿನಲ್ಲಿ ಅಂಬಾಸಿಡರ್‌ನ ಸೋದರನಾದ ಎಂ.ಜಿ.ಬಿ.ಗೆ ಕೆನ್ ಕಾಸ್ಟೆಲ್ಲೊ ಎಂಬ ತಂತ್ರಜ್ಞ ರೋವರ್ ಕಂಪನಿಯ 3.5 ಲೀಟರ್ ಅಲ್ಯೂಮಿನಿಯಂ ವಿ-8 ಕೂರಿಸಿ ಮಾರಿದರು. ಅಲ್ಯೂಮಿನಿಯಂ ಆದ್ದರಿಂದ ಅದರ ತೂಕ ಹಳೆಯ ಬೀಡುಕಬ್ಬಿಣದ ನಾಲ್ಕು ಸಿಲಿಂಡರಿನ ಎಂಜಿನ್ನಿಗಿಂತ ತುಸು ಕಡಿಮೆಯೇ. ಅವರ ಯಶಸ್ಸು ಕಂಡ ಕಂಪನಿ 1973ರಲ್ಲಿ ತಾನೇ ಅಂಥ ಕಾರನ್ನು ಹೊರತಂದಿತು. ಗ್ಯಾರೇಜು ಕಾರ್ಖಾನೆಗೆ ಪಾಠ ಹೇಳಿದ ಅಪರೂಪದ ಪ್ರಸಂಗ ಇದು.

ಎಂಜಿನ್ ಬದಲಾದ ಕಾರು ಅದೇ ಕಾರೇ ಎಂಬ ಪ್ರಶ್ನೆಗೆ ಬ್ರಿಟನ್ನಿನ ಸಾರಿಗೆ ಇಲಾಖೆ ಬಹುಕಾಲ ಅಂಕಗಳ ಮೂಲಕ ಉತ್ತರಿಸಿತು. ಮಾರ್ಪಡಿಸಿದ ಕಾರು ಹಳೆಯ ನಂಬರ್ ಉಳಿಸಿಕೊಳ್ಳಲು ಕನಿಷ್ಠ ಎಂಟು ಅಂಕ ಬೇಕಿತ್ತು. ಮೂಲ ಚಾಸಿಸ್ ಅಥವಾ ಬಾಡಿ ಉಳಿದಿದ್ದರೆ ಐದು ಅಂಕ. ಸಸ್ಪೆನ್ಷನ್, ಆಕ್ಸಲ್, ಗೇರ್‌ಬಾಕ್ಸ್, ಸ್ಟೀರಿಂಗ್ ಒಂದೊಂದಕ್ಕೆ ಎರಡು. ಎಂಜಿನ್ನಿಗೆ ಕೇವಲ ಒಂದು! ಕಾರಿನ ಗುರುತು ಅದರ ಎಲುಬಿನಲ್ಲಿದೆ, ಹೃದಯದಲ್ಲಿ ಅಲ್ಲ ಎಂಬುದು ಆ ಲೆಕ್ಕದ ಅರ್ಥ.

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ‘ಫಿವಾ’ದ ನಿಲುವು ಬೇರೆ. ಕನಿಷ್ಠ 30 ವರ್ಷ ಹಳೆಯದಾಗಿದ್ದು, ಇತಿಹಾಸಕ್ಕೆ ನಿಷ್ಠವಾದ ಸ್ಥಿತಿಯಲ್ಲಿ ಕಾಪಾಡಿಕೊಂಡು ಬಂದ ವಾಹನ ಮಾತ್ರ ಅದಕ್ಕೆ ಐತಿಹಾಸಿಕ. ಹಳೆಯ ಕಾರುಗಳಿಗೆ ವಿದ್ಯುತ್ ಮೋಟಾರ್ ಕೂರಿಸುವ ಪದ್ಧತಿ ಜನಪ್ರಿಯವಾದಾಗ, ಅಂಥವನ್ನು ಐತಿಹಾಸಿಕ ವಾಹನವೆಂದು ಪರಿಗಣಿಸಲಾಗದು ಎಂದು 2019ರಲ್ಲಿ ಅದು ಸ್ಪಷ್ಟಪಡಿಸಿತು.

ನಮ್ಮ ಕಾನೂನು ಏನು ಹೇಳುತ್ತದೆ?

ಇಲ್ಲಿಗೆ ಬಂದಾಗ ಅಜ್ಜನ ಕಾರಿನ ಮಾಲೀಕ ನಿಜವಾದ ಇಕ್ಕಟ್ಟಿಗೆ ಸಿಲುಕುತ್ತಾನೆ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನದ ಮಾರ್ಪಾಡಿಗೆ ಸಂಬಂಧಿಸಿದ್ದು. 2000ದ ತಿದ್ದುಪಡಿಯ ನಂತರ ಅದು ಇನ್ನಷ್ಟು ಬಿಗಿಯಾಯಿತು. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸಕೂಡದು ಎಂಬುದು ಅದರ ಸಾರ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷ ಬಂದ ತಿದ್ದುಪಡಿ, ಅನುಮತಿಯಿಲ್ಲದ ಮಾರ್ಪಾಡು ಮಾಡಿದ ಮಾಲೀಕರಿಗೆ ಆರು ತಿಂಗಳವರೆಗೆ ಸಜೆ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿತು. ಸಿ.ಎನ್.ಜಿ.ಯಂಥ ಬೇರೆ ಇಂಧನಕ್ಕೆ ಬದಲಾಯಿಸಲು ಹಾಗೂ ಪರೀಕ್ಷಿಸಿ ಒಪ್ಪಿಗೆ ಪಡೆದ ವಿದ್ಯುತ್ ಕಿಟ್ ಅಳವಡಿಸಲು ಮಾತ್ರ ದಾರಿಯಿದೆ. ದೆಹಲಿ ಸರ್ಕಾರ 2021ರಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಕಾರುಗಳಿಗೆ ಅಂಥ ಕಿಟ್ ಹಾಕಿಸಲು ಅವಕಾಶ ಪ್ರಕಟಿಸಿದ್ದು ಈ ದಾರಿಯಲ್ಲೇ.

ಎಂಜಿನ್ ಸವೆದಾಗ ಅದೇ ತಯಾರಕರ ಅದೇ ಮಾದರಿಯ ಎಂಜಿನ್ ಹಾಕಿಸುವುದು ಬೇರೆ, ಜಾತಿಯೇ ಬೇರೆಯಾದ ಎಂಜಿನ್ ಕೂರಿಸುವುದು ಬೇರೆ. ಮೊದಲನೆಯದಕ್ಕೂ ಆರ್.ಟಿ.ಒ. ಕಚೇರಿಗೆ ತಿಳಿಸಿ ನೋಂದಣಿ ಪತ್ರದಲ್ಲಿ ಹೊಸ ಎಂಜಿನ್ ನಂಬರ್ ಬರೆಸಲೇಬೇಕು. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸುವಾಗ ಇನ್ಸ್‌ಪೆಕ್ಟರ್ ಈ ನಂಬರುಗಳನ್ನು ತಾಳೆ ನೋಡುತ್ತಾರೆ. ತಾಳೆಯಾಗದಿದ್ದರೆ ಕಾರು ಅಲ್ಲೇ ನಿಂತಿತು. ಅಪಘಾತವಾದರೆ ವಿಮೆಯವರೂ ಮೊದಲು ನೋಡುವುದು ಇದನ್ನೇ.

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ‘ವಿಂಟೇಜ್’ ವಾಹನಗಳಿಗೆಂದೇ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿಸ್, ಬಾಡಿ, ಎಂಜಿನ್ ಯಾವುದರಲ್ಲೂ ಗಣನೀಯ ಮಾರ್ಪಾಡಿಲ್ಲದ ವಾಹನಕ್ಕೆ ‘ವಿ.ಎ.’ ಅಕ್ಷರಗಳಿರುವ ವಿಶೇಷ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ. ಆದರೆ ಅಂಥ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ, ಇಂಧನ ತುಂಬಿಸುವುದು ಇಂಥ ಕೆಲಸಗಳಿಗೆ ಮಾತ್ರ ರಸ್ತೆಗಿಳಿಸಬಹುದು.

1975ರಲ್ಲಿ ನೋಂದಣಿಯಾದ ಅಂಬಾಸಿಡರ್‌ಗೆ 2025ರಲ್ಲಿ ಐವತ್ತು ತುಂಬಿತು. ಇಪ್ಪತ್ತು ವರ್ಷದ ಕೆಳಗೆ ಖರ್ಚು ಉಳಿಸಲು ಅದಕ್ಕೆ ಡೀಸೆಲ್ ಎಂಜಿನ್ ಹಾಕಿಸಿ, ಮೂಲ ಎಂಜಿನ್ನನ್ನು ತೂಕದ ಲೆಕ್ಕದಲ್ಲಿ ಗುಜರಿಗೆ ಕೊಟ್ಟವರು ಇಂದು ಈ ಗೌರವಕ್ಕೆ ಅರ್ಹರಲ್ಲ. ಮೂಲ ಎಂಜಿನ್ ಇಟ್ಟುಕೊಂಡವರಿಗೆ ಗೌರವವಿದೆ, ಓಡಾಟವಿಲ್ಲ. ನೆನಪನ್ನು ಉಳಿಸಬೇಕೋ, ಉಪಯೋಗವನ್ನು ಉಳಿಸಬೇಕೋ ಎಂಬುದೇ ಇಕ್ಕಟ್ಟು.

ಮೂಲ ಎಂಜಿನ್ನಿಗೆ ಇನ್ನೂ ಉಸಿರಿದೆ

ಎಂಜಿನ್ ಬದಲಿಸುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ, ಹಳೆಯದು ನಿಜವಾಗಿಯೂ ಸತ್ತಿದೆಯೇ ಎಂಬುದು. ನೀಲಿ ಹೊಗೆಯೆಂದರೆ ಎಷ್ಟೋ ಸಲ ಸವೆದ ಪಿಸ್ಟನ್ ರಿಂಗು. ಸಿಲಿಂಡರನ್ನು ಬೋರ್ ಮಾಡಿಸಿ, ದೊಡ್ಡ ಅಳತೆಯ ಪಿಸ್ಟನ್ ಹಾಕಿಸಿದರೆ ಹೋಗುವ ಕಾಯಿಲೆ ಅದು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ, ಶಿವಾಜಿನಗರದ ಗುಜರಿಗಳಲ್ಲಿ ಹುಡುಕುವ ತಾಳ್ಮೆ ಬೇಕು, ಅಷ್ಟೆ. ಇಷ್ಟು ದೀರ್ಘ ಕಾಲ ತಯಾರಾದ ಕಾರು ಎಂಬುದೇ ಅಂಬಾಸಿಡರ್‌ನ ದೊಡ್ಡ ಅನುಕೂಲ.

ಕಾಲ ತಂದ ಇನ್ನೆರಡು ತೊಂದರೆಗಳಿಗೂ ಮದ್ದಿದೆ. 2000ದ ಫೆಬ್ರುವರಿಯಿಂದ ದೇಶದಲ್ಲಿ ಸೀಸರಹಿತ ಪೆಟ್ರೋಲ್ ಮಾತ್ರ ಸಿಗುತ್ತಿದೆ. ಸೀಸ ಇಲ್ಲದಿದ್ದರೆ ಹಳೆಯ ಎಂಜಿನ್ನಿನ ವಾಲ್ವ್ ಸೀಟುಗಳು ಬೇಗ ಸವೆಯುತ್ತವೆ. ಗಟ್ಟಿ ಉಕ್ಕಿನ ಸೀಟು ಕೂರಿಸಿದರೆ ಸಾಕು. 2025ರ ಹೊತ್ತಿಗೆ ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಬಂಕುಗಳಲ್ಲಿ ಸಾಮಾನ್ಯವಾಗಿದೆ. ಅದು ಹಳೆಯ ರಬ್ಬರ್ ಪೈಪು, ವಾಷರುಗಳನ್ನು ಉಬ್ಬಿಸಿ ಬಿರುಕು ಬಿಡಿಸುತ್ತದೆ. ಎಥನಾಲ್ ತಾಳುವ ಪೈಪು ಹಾಕಿಸಿ, ಕಾರ್ಬುರೇಟರ್ ಹೊಂದಿಸಿಕೊಳ್ಳಬೇಕು. ಇವೆರಡೂ ಎಂಜಿನ್ ಬದಲಾವಣೆಗಿಂತ ಎಷ್ಟೋ ಅಗ್ಗ.

ಡೀಸೆಲ್‌ನ ಹಳೆಯ ಆಕರ್ಷಣೆಯೂ ಈಗ ಇಲ್ಲ. 2010ರಲ್ಲಿ ಪೆಟ್ರೋಲ್, 2014ರಲ್ಲಿ ಡೀಸೆಲ್ ಬೆಲೆ ಸರ್ಕಾರದ ನಿಯಂತ್ರಣದಿಂದ ಹೊರಬಂದ ಮೇಲೆ ಎರಡರ ನಡುವಿನ ಅಂತರ ಕಿರಿದಾಯಿತು. ಭಾನುವಾರ ಊರು ಸುತ್ತಿ ಬರುವ ಕಾರಿಗೆ ಆ ಉಳಿತಾಯದ ಲೆಕ್ಕ ಹೊಂದುವುದೂ ಇಲ್ಲ.

ಧರ್ಮಸ್ಥಳದ ಕಾರು ಸಂಗ್ರಹಾಲಯದಲ್ಲಿ ಸಾಲಾಗಿ ನಿಂತ ಹಳೆಯ ಕಾರುಗಳನ್ನು ನೋಡುವ ಮಕ್ಕಳು ಕೇಳುವುದು, ‘ಇದು ಈಗಲೂ ಓಡುತ್ತದಾ?’ ಎಂದು. ಕಾರಿನ ಬಗ್ಗೆ ಮನುಷ್ಯನಿಗೆ ಇರುವ ಮೊದಲ ಕುತೂಹಲವೇ ಅದು. ಓಡದ ಕಾರು ಅರ್ಧ ಕಾರು. ಓಡಿಸುವ ಸಲುವಾಗಿಯೇ ಎಂಜಿನ್ ಬದಲಿಸಿದ ಟ್ಯಾಕ್ಸಿ ಚಾಲಕನನ್ನೂ ತೋಟದ ಮಾಲೀಕನನ್ನೂ ಇಂದು ಕುಳಿತು ದೂರುವುದು ನ್ಯಾಯವಲ್ಲ. ಅವರ ಕೈಚಳಕವೂ ಈ ನಾಡಿನ ಯಂತ್ರವಿದ್ಯೆಯ ಇತಿಹಾಸದ ಒಂದು ಪುಟವೇ.

ಆದರೆ ಆ ಕಾಲದ ಅನಿವಾರ್ಯ ಇಂದು ಉಳಿದಿಲ್ಲ. ಆದ್ದರಿಂದ ಬಲ್ಲವರ ಸಲಹೆ ಸರಳವಾಗಿದೆ. ಕಾನೂನಿನ ಮಿತಿ ಮೊದಲು ತಿಳಿದುಕೊಳ್ಳಿ. ಮೂಲ ಎಂಜಿನ್ ರಿಪೇರಿಯಾಗುತ್ತದೆಯೇ ನೋಡಿ. ಏನೇ ಮಾಡಿದರೂ ಬಾಡಿಗೆ ಗರಗಸ ಹಾಕಬೇಡಿ. ನಾಳೆ ಬಿಚ್ಚಿ ಮೊದಲಿನಂತೆ ಮಾಡಲು ಬರುವಂತಿರಲಿ. ಬಿಚ್ಚಿದ ಎಂಜಿನ್ನನ್ನು ಎಂದೂ ಗುಜರಿಗೆ ಕೊಡಬೇಡಿ. ಗ್ರೀಸು ಬಳಿದು, ಗೋಣಿಚೀಲ ಸುತ್ತಿ ಶೆಡ್ಡಿನ ಮೂಲೆಯಲ್ಲಿಡಿ. ಅದರ ಪಕ್ಕೆಯಲ್ಲಿ ಕೆತ್ತಿರುವ ನಂಬರೂ ಹಳದಿಗಟ್ಟಿದ ನೋಂದಣಿ ಪುಸ್ತಕದಲ್ಲಿ ಅಜ್ಜನ ಹೆಸರಿನ ಕೆಳಗಿರುವ ನಂಬರೂ ಒಂದೇ. ಮೊಮ್ಮಕ್ಕಳು ಎಂದಾದರೂ ಆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕೆಂದರೆ ಎಂಜಿನ್ ಅಲ್ಲೇ ಇರಬೇಕು.